ನಮ್ಮ ಅಂಗಳದ ಆಮೆಯವರಿಗೆ, ಉಳಿದಿರುವ ಒಂದೇ ಮೊಗ್ಗಿನ ಕುರಿತು

ಮಾನ್ಯ ಆಮೆಯವರೇ,

ಸರಿಬುಲೋಕ್ ಹಳ್ಳಿಯಲ್ಲಿ ರೊಟ್ಟಿ ಸುಟ್ಟು ಮಾರುವ ರಿಸೊಲತ್ ಎಂಬ ನಾನು ತಮಗೆ ಸಲ್ಲಿಸುವ ಅನಂತ ಸಲಾಮುಗಳು. ತಮ್ಮ ಚಿಪ್ಪು ಕ್ಷೇಮವೇ, ಮಣ್ಣಿನೊಳಗೆ ಈ ಸಲ ಚಳಿ ಹೆಚ್ಚಾಗಿರಲಿಲ್ಲವೇ, ನಿದ್ದೆ ಸೊಗಸಾಗಿ ಆಯಿತೇ, ಎದ್ದ ಮೇಲೆ ಹಸಿವು ಹೇಗಿದೆ ಎಂದು ಪದ್ಧತಿಯಂತೆ ಕೇಳಬೇಕು. ಕೊನೆಯ ಪ್ರಶ್ನೆಗೆ ಉತ್ತರ ನನಗೇ ಚೆನ್ನಾಗಿ ಗೊತ್ತಿರುವುದರಿಂದ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ತಮಗೆ ಓದು ಬಾರದೆಂದು ನನ್ನ ಯಜಮಾನರು ಹೇಳಿದ್ದರಿಂದ ಇದರ ಒಂದು ಪ್ರತಿಯನ್ನು ಚಹಾದಂಗಡಿಯ ಗೋಡೆಗೂ ಅಂಟಿಸುತ್ತಿದ್ದೇನೆ. ಊರೇ ಓದಿದರೆ ಯಾರಾದರೂ ತಮ್ಮ ಕಿವಿಗೆ ಹಾಕಿಯಾರು.

ನವರೋಜ್ ಹಬ್ಬದ ಬೆಳಿಗ್ಗೆ, ಕೊಪ್ಪರಿಗೆಯಿಂದ ಸುಮಲಾಕ್ ಪಾಯಸವನ್ನು ನಾವು ನೆರೆಹೊರೆಗೆ ಹಂಚುತ್ತಿದ್ದಾಗ, ತೆರೆದಿಟ್ಟಿದ್ದ ಬಾಗಿಲಿನಿಂದ ತಾವು, ಮದುವೆಗೆ ಕರೆಸಿಕೊಂಡ ಹಿರಿಯರ ಗತ್ತಿನಲ್ಲಿ ಒಳಗೆ ದಯಮಾಡಿಸಿದಿರಿ. ನನ್ನ ಯಜಮಾನರಾದ ಎರ್ಗಶ್ ಎಲ್ಲರೆದುರು ಎದೆಯ ಮೇಲೆ ಕೈಯಿಟ್ಟು ಬಾಗಿ, "ಬನ್ನಿ, ಬನ್ನಿ! ಹಬ್ಬದ ದಿನ ಬಂದ ಅತಿಥಿ ಅಪ್ಪನಿಗಿಂತ ದೊಡ್ಡವ್ರು!" ಎಂದು ತಮ್ಮ ಮುಂದೆ ರೊಟ್ಟಿ ಮುರಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ರೊಟ್ಟಿ ಮುರಿದ ಮೇಲೆ ಅತಿಥಿಯನ್ನು ಹೊರಗೆ ಕಳಿಸುವಂತಿಲ್ಲ, ಯಾವಾಗ ಹೊರಡುತ್ತೀರಿ ಎಂದು ಕೇಳುವಂತೆಯೂ ಇಲ್ಲ ಎಂಬುದು ಆ ನಗುವಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ತಾವು ತಿನ್ನುತ್ತಿರುವುದು ಏನೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ನಮ್ಮ ಮನೆಗೆ ಮೊದಲು ಮಣ್ಣಿನ ಮಾಳಿಗೆಯಿತ್ತು, ವಸಂತ ಬಂದರೆ ಅದರ ತುಂಬ ಬೆರಳುದ್ದದ ಕಾಡು ಟ್ಯುಲಿಪ್‌ಗಳು ಏಳುತ್ತಿದ್ದವು. ಗಾಳಿಯೇ ಬೆಟ್ಟದಿಂದ ಬೀಜ ತಂದು ಬಿತ್ತಿತೆಂದು ನಾವೆಲ್ಲ ನಂಬಿದ್ದೆವು. ಮೂರು ವರ್ಷದ ಹಿಂದೆ ಅತ್ತೆ ಹುರಿನಿಸಾ ಮಗಳ ಮನೆಗೆ ಹೋಗಿದ್ದಾಗ ಎರ್ಗಶ್ ಆ ಮಾಳಿಗೆಯನ್ನು ಕೆಡವಿ ಫಳಫಳ ಹೊಳೆಯುವ ತಗಡು ಹೊದಿಸಿದರು. ಅತ್ತೆ ಹಿಂತಿರುಗಿ, ಕತ್ತೆತ್ತಿ ನೋಡಿ, "ಇದೇನೋ, ಮನೆ ತಲೆ ಮೇಲೆ ಬಕೀಟು ಬೋರಲು ಹಾಕಿದೀಯ?" ಎಂದರು. ಆಮೇಲೆ ಹಾಸಿಗೆ ಸುತ್ತಿಕೊಂಡು, ಮಣ್ಣಿನ ಮಾಳಿಗೆ ಉಳಿದಿದ್ದ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋದರು. "ಆ ಹೂವು ಮತ್ತೆ ಅರಳಿದ್ದು ನನ್ನ ಕಣ್ಣಾರೆ ನೋಡೋ ತನಕ ಈ ತಗಡಿನ ಕೆಳಗೆ ಒಂದು ಗುಟುಕು ಚಹಾನೂ ಕುಡಿಯಲ್ಲ!" ಎಂಬುದು ಅವರ ಶಪಥ.

ಅತ್ತೆ ದೂರವಾದರೆ ಸೊಸೆಗೆ ಸುಖವೆಂದು ತಾವು ತಿಳಿಯಬಾರದು. ಹಿಟ್ಟು ನಾದುವಾಗ "ನೀರು ಜಾಸ್ತಿ ಆಯ್ತು, ಎಮ್ಮೆ ಈಜಬಹುದು" ಎನ್ನುವವರು ಪಕ್ಕದಲ್ಲಿಲ್ಲದೆ ನನ್ನ ರೊಟ್ಟಿಗೆ ರುಚಿಯೇ ಹೋಗಿದೆ. ಅವರು ಅಂಗಳದಾಚೆಯಿಂದ ಕೂಗಿ ಬೈಯುತ್ತಾರೆ ನಿಜ, ಆದರೆ ಅಷ್ಟು ದೂರದಿಂದ ಬಂದ ಬೈಗುಳ ತಣ್ಣಗಾಗಿರುತ್ತದೆ. ನನಗೆ ಅತ್ತೆ ಮನೆಯೊಳಗೆ ಬೇಕು.

ಬೆಟ್ಟದಿಂದ ಟ್ಯುಲಿಪ್ ಗಡ್ಡೆ ಕೀಳುವುದು ಅಪರಾಧವಾದ್ದರಿಂದ, ಕೆಡವಿದ ಮಾಳಿಗೆಯ ಮಣ್ಣನ್ನೆಲ್ಲ ಜರಡಿ ಹಿಡಿದು, ಸಿಕ್ಕ ನಾಲ್ಕಾರು ಪುಟ್ಟ ಗಡ್ಡೆಗಳನ್ನು ದಕ್ಷಿಣದ ಗೋಡೆಯ ಬುಡದಲ್ಲಿ ಜಲ್ಲಿ ಬೆರೆಸಿದ ಮಣ್ಣಿನಲ್ಲಿ ಹೂತೆ. ಬೇಸಿಗೆಯಲ್ಲಿ ಅವಕ್ಕೆ ಒಂದು ಹನಿ ನೀರೂ ಸೋಕಬಾರದು. ಎರ್ಗಶ್ ದಯೆ ಉಕ್ಕಿ ನೀರಿನ ಪೈಪು ಎಳೆದುಕೊಂಡು ಬಂದಾಗಲೆಲ್ಲ ನಾನು ಪೊರಕೆ ಹಿಡಿದು ಅಡ್ಡ ನಿಂತೆ. ಎರಡು ವಸಂತ ಒಂದೊಂದೇ ಎಲೆ, ಅದೂ ನೇರಳೆ ಗೀರಿನ ಎಲೆ, ಬಂದು ಒಣಗಿ ಹೋಯಿತು. ಈ ವರ್ಷ ನಾಲ್ಕು ಮೊಗ್ಗು ಬಂದವು. ಸಂತೋಷಕ್ಕೆ ಅಂದು ತಂದೂರಿನಲ್ಲಿದ್ದ ರೊಟ್ಟಿಯನ್ನೆಲ್ಲ ಸೀಯಿಸಿಬಿಟ್ಟೆ.

ಆಗ ತಾವು ಊಟಕ್ಕೆ ಎದ್ದಿರಿ. ತಮ್ಮ ಅಭಿರುಚಿಯನ್ನು ಎಷ್ಟು ಹೊಗಳಿದರೂ ಸಾಲದು. ಅಂಗಳದ ತುಂಬ ಹುಲ್ಲು, ದಂಟು, ಮೂಲಂಗಿ ಎಲೆ ಇರಲು, ಅವೆಲ್ಲವನ್ನೂ ಸಾಮಾನ್ಯರಿಗೆ ಬಿಟ್ಟುಕೊಟ್ಟು, ಎಲೆಯನ್ನೂ ಮುಟ್ಟದೆ, ನೆಟ್ಟಗೆ ಮೊಗ್ಗಿನ ಬಳಿಗೇ ಹೋಗುವ ಆ ಗುರಿ! ಮೂರು ತಿಂಗಳು ಉಂಡು ಉಳಿದ ತಿಂಗಳೆಲ್ಲ ಮಲಗುವ ಆ ಶಿಸ್ತು! ಮೊದಲ ಮೊಗ್ಗು ಹೋದಾಗ ಬೆತ್ತದ ಬುಟ್ಟಿ ತಂದು ಉಳಿದವಕ್ಕೆ ಮುಚ್ಚಿದೆ, ಎರ್ಗಶ್ ಗಾಬರಿಯಾಗಿ, "ಅತಿಥಿ ಎದುರಿಗೆ ಊಟ ಮುಚ್ಚಿಡ್ತೀಯೇನೇ? ಊರೋರು ಏನಂದಾರು!" ಎಂದು ಬುಟ್ಟಿ ತೆಗೆದರು. ಎರಡನೆಯದೂ ಮೂರನೆಯದೂ ಹೋದವು. ಪಕ್ಕದ ಮನೆಯ ಮಸ್ತೂರಾ ಗೋಡೆಯ ಮೇಲಿಂದ ಇಣುಕಿ, "ನಿನ್ನ ಅತಿಥಿಗೆ ಹೂವು ಸಾಲದಿದ್ರೆ ಹೇಳು ರಿಸೊಲತ್, ನಮ್ಮ ಯಜಮಾನ್ರ ಟೋಪಿ ಕೊಡ್ತೀನಿ, ಅದರಲ್ಲೂ ಹೂವಿನ ಕಸೂತಿ ಇದೆ" ಎಂದು ಹೋದಳು.

ಬಾಯಿಬಿಟ್ಟು ಹೇಳಲಾಗದ್ದನ್ನು ಸೂಚನೆಯಿಂದ ಹೇಳಲು ನಾನು ಪ್ರಯತ್ನಿಸದೆ ಇಲ್ಲ. ಗೌರವದ ಅತಿಥಿಗೆ ಚಹಾದ ಬಟ್ಟಲಾದ ಪಿಯಾಲೆಯಲ್ಲಿ ಅರ್ಧದಷ್ಟೇ ಸುರಿಯುತ್ತೇವೆ, ಅಂಚಿನವರೆಗೆ ತುಂಬಿದರೆ ಕುಡಿದು ಹೊರಡಿ ಎಂದರ್ಥ. ತಮಗೆ ತುಳುಕುವಷ್ಟು ತುಂಬಿಟ್ಟೆ, ತಾವು ಅದರಲ್ಲಿ ಒಂದು ಕಾಲನ್ನು ತೊಳೆದುಕೊಂಡಿರಿ. ಪುಲಾವ್ ಬಂತೆಂದರೆ ಕೂಟ ಮುಗಿಯಿತು, ಇನ್ನು ಏಳಬೇಕು ಎಂದು ನಮ್ಮಲ್ಲಿ ಎಳೆಮಕ್ಕಳಿಗೂ ಗೊತ್ತು. ತಮಗಾಗಿ ಎರಡು ಸಲ ಪುಲಾವ್ ಮಾಡಿದೆ, ತಾವು ಗಜ್ಜರಿಯನ್ನು ಆರಿಸಿಕೊಂಡು ತಿಂದು ಅಲ್ಲೇ ಕಣ್ಣು ಮುಚ್ಚಿದಿರಿ.

ಈಗ ಉಳಿದಿರುವುದು ಒಂದೇ ಮೊಗ್ಗು. ಅದರ ತುದಿ ಕೆಂಪಾಗಿದೆ, ನಾಳೆ ಬಿಸಿಲು ಬಿದ್ದರೆ ಅರಳುತ್ತದೆ, ಅತ್ತೆಗೆ ಆಗಲೇ ಹೇಳಿ ಕಳಿಸಿದ್ದೇನೆ. ಆದ್ದರಿಂದ ತಾವು ದಯಮಾಡಿ ನಾಳೆ ಒಂದು ದಿನದ ಮಟ್ಟಿಗೆ ಉಪವಾಸವಿರಬೇಕು; ಅದಾಗದಿದ್ದರೆ ಕೆಂಪು ಬಣ್ಣವನ್ನು ಕಂಡರೆ ಹೇಸಿಕೊಳ್ಳಲು ಇಂದು ಸಂಜೆಯೊಳಗೆ ಕಲಿಯಬೇಕು; ಅದೂ ಆಗದಿದ್ದರೆ ತಮ್ಮ ಕುಲದ ಕೀರ್ತಿಗೆ ತಕ್ಕಂತೆ ಸ್ವಲ್ಪ ನಿಧಾನವಾಗಿ ನಡೆಯಬೇಕು. ಪ್ರತಿಯಾಗಿ ನಮ್ಮ ಮನೆಯ ಅತ್ಯುತ್ತಮ ಕಂಬಳಿ, ಬಾಗಿಲಿನಿಂದ ದೂರದ ಗೌರವಸ್ಥಾನ ಮತ್ತು ಎರ್ಗಶ್ ಅವರ ಮೆಚ್ಚಿನ ದಿಂಬು ತಮ್ಮದು.

ವಿಶ್ವಾಸದ ಮೂರು ಪಾಲನ್ನು ತಾವೇ ತಿಂದಿದ್ದರೂ ಉಳಿದೊಂದು ಪಾಲಿನಿಂದ,
ತಮ್ಮ ವಿಶ್ವಾಸಿ,
ರಿಸೊಲತ್

ಮರೆತ ಮಾತು, ಮರುದಿನ ಬರೆದದ್ದು: ಇಂದು ಬೆಳಿಗ್ಗೆ ಅತ್ತೆಯನ್ನು ಗೋಡೆಯ ಬಳಿ ಕೂರಿಸಿ ಚಹಾ ಕೊಟ್ಟೆ. ಬಿಸಿಲು ಬಿತ್ತು, ಹೂವು ಬಾಯಿ ತೆರೆಯಿತು, ಒಳಗೆಲ್ಲ ಹಳದಿ. ಅತ್ತೆ ಪಿಯಾಲೆಯನ್ನು ತುಟಿಗೆ ತಂದವರು ಅಲ್ಲೇ ಹಿಡಿದು ನೋಡಿದರು. ಅಷ್ಟರಲ್ಲಿ ತಾವು ಬಂದಿರಿ. ನಾನು ಹಾರಿದೆ, ಅತ್ತೆ ನನ್ನ ಅಂಗಿ ಹಿಡಿದೆಳೆದು "ಬಿಡೇ, ಅತಿಥಿ" ಎಂದರು, ತಾವು ಬಾಯಿ ಹಾಕಿದಿರಿ. ನಾನು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಮಾತ್ರ ಚಹಾ ಚೆಲ್ಲುವಷ್ಟು ನಕ್ಕರು.

"ಅಳಬೇಡ ಕಣೇ. ಅರಳಿದ್ದು ನೋಡಿದೆ, ಮಾತು ಅಂದ್ರೆ ಮಾತು, ಒಳಗೆ ಬರ್ತೀನಿ. ನಾನು ಮದುವೆಯಾಗಿ ಬಂದ ವರ್ಷವೂ ಇದೇ ಗೋಡೆ ಬುಡದಲ್ಲಿ ಹೂವಿತ್ತು, ಈ ಆಮೆಯ ತಾತ ಬಂದು ಒಂದೂ ಬಿಡದೆ ಮುಕ್ಕಿದ. ನಾನೂ ಹೀಗೇ ಅತ್ತಿದ್ದೆ. ನಿನ್ನ ಮಾವ ಒಂದು ಮಾತೂ ಆಡದೆ ಗಡ್ಡೆ ಸಮೇತ ಮಣ್ಣನ್ನ ಬುಟ್ಟಿಬುಟ್ಟಿ ಹೊತ್ತು ಮಾಳಿಗೆ ಮೇಲೆ ಹಾಕಿದ. ಗಾಳಿಯಂತೆ ಗಾಳಿ! ಆ ಗಾಳಿಗೆ ಬೆನ್ನುನೋವು ಬಂದು ನಾನು ಎಣ್ಣೆ ತಿಕ್ಕಿದೀನಿ."

ಎರ್ಗಶ್ ಪೆಚ್ಚಾಗಿ, "ಮತ್ತೆ ಇವಳು ಇಲ್ಲಿ ನೆಡೋವಾಗ ಒಂದು ಮಾತು ಹೇಳಬಾರದಿತ್ತೇನಮ್ಮ?" ಎಂದರು.

"ನೀವು ಕೇಳಲಿಲ್ಲ" ಎಂದರು ಅತ್ತೆ. "ಮಾಳಿಗೆ ಕೆಡವೋವಾಗಲೂ ಕೇಳಲಿಲ್ಲ."

ಎರ್ಗಶ್ ಅಮ್ಮನ ಹಾಸಿಗೆಯನ್ನು ಸ್ವತಃ ಹೊತ್ತು ಒಳಗೆ ತಂದರು, ಅತ್ತೆ ನನ್ನ ಹಿಟ್ಟಿನ ಪಾತ್ರೆಗೆ ಇಣುಕಿ ಎಮ್ಮೆಯ ಮಾತು ಆಡಿದರು, ನನಗೆ ಮತ್ತೆ ಅಳು ಬಂತು. ಎಲೆ ಒಣಗಿದ ಮೇಲೆ ಗಡ್ಡೆಗಳನ್ನು ಕೊಟ್ಟಿಗೆಯ ಮಾಳಿಗೆಗೆ ಏರಿಸುವುದೆಂದೂ, ಇನ್ನು ಮುಂದೆ ಈ ಮನೆಯಲ್ಲಿ ಏನೇ ಮಾಡಿದರೂ ಇರುವವರನ್ನೆಲ್ಲ ಕೇಳಿಯೇ ಮಾಡುವುದೆಂದೂ ತೀರ್ಮಾನವಾಗಿದೆ. ತಾವೂ ಮನೆಯವರೇ ಆಗಿಬಿಟ್ಟಿರುವುದರಿಂದ ತಮ್ಮನ್ನೂ ಕೇಳುತ್ತಿದ್ದೇನೆ: ಏಣಿ ಹತ್ತಲು ತಮಗೆ ಬರುವುದಿಲ್ಲ ತಾನೇ? ಉತ್ತರ ಬೇಗ ಬರಲಿ, ಎರ್ಗಶ್ ಆಗಲೇ ಮೊದಲ ಬುಟ್ಟಿ ಮಣ್ಣು ಹೊತ್ತು ಅರ್ಧ ಏಣಿಯಲ್ಲಿದ್ದಾರೆ.