ಒಳಗಿನಿಂದ ಚಿಲಕವಿರುವ ಕೋಣೆ

ಹೆರಿಗೆ ರಜೆ ಮೂರು ತಿಂಗಳು ಎಂದು ಕಾನೂನು ಗೊತ್ತುಮಾಡಿದೆ. ಅದು ಮುಗಿದ ಮರುದಿನ ಬೆಳಿಗ್ಗೆ ಹತ್ತೂಕಾಲಿಗೆ ತಾಯಿಯಾದವಳು ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು. ನಾನು ಹಾಕಿದೆ. ಆದರೆ ಆ ಆದೇಶದ ಒಂದು ಪ್ರತಿಯನ್ನು ನನ್ನ ಎದೆಹಾಲಿಗೂ ಕಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದು ಮನೆಯಲ್ಲಿದ್ದಾಗಿನ ವೇಳಾಪಟ್ಟಿಯನ್ನೇ ಹಿಡಿದುಕೊಂಡು ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಹರಿದು ಬರುತ್ತಿತ್ತು. ಮುಂಬಯಿಯ ನಲ್ಲಿ ನೀರು ಇಷ್ಟು ಕರಾರುವಾಕ್ಕಾಗಿ ಬಂದದ್ದನ್ನು ನಾನು ಕಂಡಿಲ್ಲ.

ನನ್ನ ಹೆಸರು ವಾರಿಜಾ. ಮೈಸೂರಿನವಳು, ಮದುವೆಯಾಗಿ ಚೆಂಬೂರು ಸೇರಿದವಳು. ಫೋರ್ಟಿನ ಒಂದು ದೊಡ್ಡ ಆಫೀಸಿನಲ್ಲಿ ಗುಮಾಸ್ತೆ. (ಯಾವ ಆಫೀಸು ಎಂದು ಕೇಳಬೇಡಿ, ಇನ್ನೂ ಇಪ್ಪತ್ತು ವರ್ಷ ಅಲ್ಲೇ ಸವೆಸಬೇಕು.) ಇದು ನಡೆದದ್ದು ಎಂಬತ್ತೊಂಬತ್ತರಲ್ಲಿ, ನಮ್ಮ ಪುಟ್ಟಿ ಹುಟ್ಟಿದ ವರ್ಷ.

ಮೊದಲ ದಿನ ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ, ವಡಾಲ ದಾಟುತ್ತಿದ್ದಂತೆ ಯಾರದೋ ಮಗು ಅತ್ತಿತು. ಅತ್ತದ್ದು ಅವರ ಮಗು, ಒದ್ದೆಯಾದದ್ದು ನನ್ನ ರವಿಕೆ. ಸೆರಗು ಹೊದ್ದುಕೊಂಡು ಆಫೀಸು ಸೇರಿದೆ. ನಮ್ಮ ಸೆಕ್ಷನ್ ಎಂದರೆ ಒಂದೇ ದೊಡ್ಡ ಹಾಲ್. ಅರವತ್ತು ಮೇಜು, ಅದರಲ್ಲಿ ಹೆಂಗಸರವು ಏಳು. ಹಾಲಿಗೆ ಜಾಗವಿಲ್ಲದ ಹಾಲ್. ದಿನವಿಡೀ ಒಂದು ದಪ್ಪ ಫೈಲನ್ನು ಎದೆಗವಚಿಕೊಂಡು ಓಡಾಡಿದೆ. ಸಹೋದ್ಯೋಗಿಗಳು ಮೆಚ್ಚಿದರು. ಮಗುವಾದ ಮೇಲೆ ಈಕೆಗೆ ಕೆಲಸದ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದು ಮಾತಾಡಿಕೊಂಡರಂತೆ.

ಮನೆಯಲ್ಲಿ ಪುಟ್ಟಿಯ ಸತ್ಯಾಗ್ರಹ ನಡೆದಿತ್ತು. ಡಬ್ಬಿಯ ಪುಡಿಹಾಲು ಕಲಸಿ ಒಳಲೆಯಲ್ಲಿ ಬಾಯಿಗಿಟ್ಟರೆ ಒಂದು ಗಳಿಗೆ ಬಾಯಲ್ಲಿಟ್ಟುಕೊಂಡು ಆಲೋಚಿಸಿ, ಅಜ್ಜಿಯ ಸೀರೆಯ ಮೇಲೆ ಉಗಿಯುತ್ತಿದ್ದಳು. ಮೊಮ್ಮಗಳನ್ನು ನೋಡಿಕೊಳ್ಳಲೆಂದೇ ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಸುಬ್ಬಲಕ್ಷ್ಮಿಯವರು ದಿನಕ್ಕೆ ಮೂರು ಸೀರೆ ಬದಲಾಯಿಸುತ್ತಿದ್ದರು. ಸಂಜೆ ಏಳಕ್ಕೆ ನಾನು ಬಿಲ್ಡಿಂಗಿನ ಮೆಟ್ಟಿಲಿಗೆ ಕಾಲಿಡುವಾಗಲೇ ಮೂರನೇ ಮಹಡಿಯ ಅಳು ಕೆಳಗೆ ಕೇಳುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಮಗು ಮಡಿಲಿಗೆ. ಅವಳು ಎರಡೂ ಕೈಯಿಂದ ನನ್ನನ್ನು ಹಿಡಿದುಕೊಂಡು ಕುಡಿಯುವಾಗ, ಹಗಲು ಆಫೀಸಿನಲ್ಲಿ ರವಿಕೆಗೆ ಸುರಿದು ವ್ಯರ್ಥವಾದದ್ದು ನೆನಪಾಗಿ ನಾನೂ ಅಳುತ್ತಿದ್ದೆ. ಒಂದೇ ತಿಂಗಳಲ್ಲಿ ಮಗುವಿನ ತೂಕ ಇನ್ನೂರು ಗ್ರಾಂ ಇಳಿಯಿತು. ಡಾಕ್ಟರು ತಕ್ಕಡಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೇ ಚೆನ್ನಾಗಿತ್ತು.

ಆಗ ಪರಿಹಾರ ಕಂಡುಹಿಡಿದವರು ನಮ್ಮ ಯಜಮಾನರು, ತಿರುಮಲೇಶ. ಅವರು ಚೆಂಬೂರಿನ ಒಂದು ಕಾರ್ಖಾನೆಯಲ್ಲಿ ಪಂಪುಗಳ ಉಸ್ತುವಾರಿ ನೋಡುತ್ತಾರೆ. ಹೀಗಾಗಿ ಜಗತ್ತಿನ ಯಾವ ಸಮಸ್ಯೆಗೂ ಅವರಲ್ಲಿರುವುದು ಒಂದೇ ಉತ್ತರ. ದಾದರಿನ ಔಷಧಿ ಅಂಗಡಿಯಿಂದ ಎದೆಹಾಲಿನ ಪಂಪು ತಂದೇಬಿಟ್ಟರು: ಮುಂದೆ ಗಾಜಿನ ಬಟ್ಟಲು, ಹಿಂದೆ ಕೆಂಪು ರಬ್ಬರಿನ ಉಂಡೆ. ಥೇಟು ಹಳೇ ಟ್ಯಾಕ್ಸಿಯ ಹಾರನ್ನು. ಅದರ ಕಾರ್ಯವಿಧಾನವನ್ನು ಕಾಗದದ ಮೇಲೆ ಬಾಣದ ಗುರುತು ಹಾಕಿ ವಿವರಿಸಿದರು. ಹಗಲು ಪಂಪು ಮಾಡಿ, ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು, ಮನೆಗೆ ತಂದು ಮರುದಿನಕ್ಕೆ ಇಡುವುದು. ಕೇಳಲು ಎಷ್ಟು ಸುಲಭ. ಪಂಪು ಎಲ್ಲಿ ಕೂತು ಒತ್ತಬೇಕು ಎನ್ನುವುದು ಮಾತ್ರ ಅವರ ಚಿತ್ರದಲ್ಲಿ ಇರಲಿಲ್ಲ.

ಎಲ್ಲಿ ಅಂದರೆ, ಎರಡು ಮಹಡಿಗೆ ಒಂದೇ ಇದ್ದ ಹೆಂಗಸರ ಕಕ್ಕಸಿನಲ್ಲಿ. ಅಲ್ಲಿ ನಿಂತುಕೊಂಡೇ, ಒಂದು ಕೈಯಲ್ಲಿ ಹಾರನ್ನು, ಇನ್ನೊಂದರಲ್ಲಿ ಸೆರಗು, ಹಲ್ಲಿನಲ್ಲಿ ಫ್ಲಾಸ್ಕಿನ ಮುಚ್ಚಳ. ಹೊರಗೆ ಸರದಿ ಕಾಯುವವರು ಬಾಗಿಲು ಬಡಿಯುತ್ತಿದ್ದರು. ಬಡಿತ ಕೇಳಿದರೆ ಹಾಲು ನಿಲ್ಲುತ್ತಿತ್ತು, ಹೊರಗೆ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಸುರಿಯುತ್ತಿತ್ತು. ಮೂರು ದಿನಕ್ಕೆ ಕೂಡಿದ್ದು ಎರಡು ಚಮಚ.

ನಾಲ್ಕನೆಯ ದಿನ ಬಾಗಿಲು ಬಡಿದವಳು ಗುರುಬಾಯಿ. ನಮ್ಮ ಮಹಡಿಯ ಕಸಗುಡಿಸುವ ಹೆಂಗಸು, ವಿಜಾಪುರದ ಕಡೆಯವಳು. ನಾನು ಕಣ್ಣೊರೆಸಿಕೊಂಡು ಬಾಗಿಲು ತೆರೆದಾಗ ಅವಳ ದೃಷ್ಟಿ ಬಿದ್ದದ್ದು ನನ್ನ ಕೈಯಲ್ಲಿದ್ದ ಯಂತ್ರದ ಮೇಲೆ.

"ಇದನ್ನ ಅತ್ತಾಗ ಒಗೀರಿ ಅಕ್ಕಾರ," ಎಂದಳು. "ದೇವರು ಎರಡ ಕೈ ಕೊಟ್ಟಿಲ್ಲೇನು? ಆಕಳಾ ಹಿಂಡೂದು ನೋಡೀರಿಲ್ಲೋ?"

ಮೈಸೂರಿನ ಬಿ.ಎ. ಪದವೀಧರೆಯಾದ ನಾನು ಅಂದು ಕಕ್ಕಸಿನಲ್ಲಿ ಗುರುಬಾಯಿಯಿಂದ ವಿದ್ಯಾರಂಭ ಮಾಡಿಸಿಕೊಂಡೆ. ಕಾಲು ಗಂಟೆಯಲ್ಲಿ ಅರ್ಧ ಲೋಟ ತುಂಬಿತು. ಅಂದಿನಿಂದ ಅವಳು ಪೊರಕೆ ಅಡ್ಡ ಹಿಡಿದು ಬಾಗಿಲಿಗೆ ಕಾವಲು ನಿಲ್ಲುತ್ತಿದ್ದಳು. ತನ್ನ ವಿಷಯವನ್ನೂ ಹೇಳಿದಳು. ಈ ಊರಿಗೆ ಹೊಸದಾಗಿ ಬಂದಾಗ ವಡಾಲದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳಂತೆ. ನಾಕನೇ ಮಹಡಿಗೆ ಇಟ್ಟಿಗೆ ಹೊರುವಾಗ ಕೆಳಗೆ ಜೋಳಿಗೆಯಲ್ಲಿ ಮಗು ಅಳುತ್ತಿತ್ತು, ಕೆಲಸ ಮಾಡಿಸುವ ಮುಕದ್ದಮ ಇಳಿಯಲು ಬಿಡುತ್ತಿರಲಿಲ್ಲ. ಎದೆ ಕಲ್ಲಾದಾಗ ಮರಳಿನ ರಾಶಿಗೇ ಹಿಂಡುತ್ತಿದ್ದಳು. ಆ ಮಗು ಉಳಿಯಲಿಲ್ಲ. ಇಷ್ಟು ಹೇಳಿ, ನೆಲ ಒದ್ದೆಯಿದೆ ಜಾರೀರಿ ಎಂದು ನನ್ನ ಕೈ ಹಿಡಿದು ಹೊರಗೆ ಕರೆತಂದಳು.

ಹಿಂಡಲು ಕಲಿತ ದಿನವೇ ಸಂಜೆ ಫ್ಲಾಸ್ಕನ್ನು ತುಂಬಿದ ಕೊಡದಂತೆ ಹೊತ್ತು ತಂದು ಅತ್ತೆಯ ಮುಂದಿಟ್ಟೆ. ಅವರು ಸಂತೋಷಪಟ್ಟರು. ಆಮೇಲೆ, ಇಷ್ಟು ಜನರ ನಡುವೆ ಎಲ್ಲಿ ಕೂತು ಹಿಂಡಿದೆ ಎಂದು ಕೇಳಿದರು. ನಾನು ಹೇಳಿದೆ. ಸುಳ್ಳು ಹೇಳಬೇಕಿತ್ತು. ಬುದ್ಧಿ ಬರುವಷ್ಟರಲ್ಲಿ ಬಾಯಿ ಹೇಳಿಯಾಗಿತ್ತು.

"ಕಕ್ಕಸಿನಲ್ಲಿ ಹಿಂಡಿದ್ದನ್ನ ನನ್ನ ಕೈಯಾರೆ ಈ ಮಗುಗೆ ಕುಡಿಸೋದಿಲ್ಲ ವಾರಿಜಾ," ಎಂದರು. ಸಿಟ್ಟೇನೂ ಇರಲಿಲ್ಲ ಆ ದನಿಯಲ್ಲಿ. "ನೀನೇ ಹೇಳು, ಅಲ್ಲಿ ಕೂತು ನೀನು ಊಟ ಮಾಡ್ತೀಯಾ?"

ನಮ್ಮವರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಕೊನೆಗೆ ಪೇಪರು ನೋಡಿದರು. ನಾನು ಫ್ಲಾಸ್ಕನ್ನು ತುಳಸಿ ಕುಂಡಕ್ಕೆ ಬಗ್ಗಿಸಿದೆ.

ಮರುದಿನ ಧೈರ್ಯ ಮಾಡಿ ನಮ್ಮ ಸೆಕ್ಷನ್ನಿನ ಮುಖ್ಯಸ್ಥರಾದ ಭೀಮರಾಯರ ಎದುರು ನಿಂತೆ. ಕಲಬುರ್ಗಿಯವರು, ಐವತ್ತೈದರ ಗಂಭೀರ ಮನುಷ್ಯರು. ನಡುಮನೆಯಷ್ಟು ಹಣೆ, ಅದರ ಮೇಲೆ ವಿಭೂತಿ. ಕಾರಿಡಾರಿನ ತುದಿಯಲ್ಲಿ ಖಾಲಿ ಬಿದ್ದಿರುವ ಚಿಕ್ಕ ಕೋಣೆ ದಿನಕ್ಕೆ ಅರ್ಧ ಗಂಟೆ ಬೇಕಿತ್ತು ಎಂದೆ.

"ಎದಕ್ಕ ಬೇಕ್ರಿ?"

"ಮಗುವಿನ ವಿಷಯ ಸಾರ್."

"ಮಗೂನ್ನ ಆಫೀಸಿಗೆ ತರೋರೇನು?"

"ಇಲ್ಲ ಸಾರ್. ಮಗು ಮನೇಲೇ ಇರತ್ತೆ. ಅದರ ಊಟ ಮಾತ್ರ ನನ್ನ ಜೊತೆ ಆಫೀಸಿಗೆ ಬಂದುಬಿಡತ್ತೆ."

ಅವರು ನನ್ನ ಕೈಯಲ್ಲಿ ಡಬ್ಬಿಯಿದೆಯೇ ಎಂದು ಹುಡುಕಿದರು. ಆಮೇಲೆ ಅರ್ಥವಾಯಿತು. ವಿಭೂತಿಯ ಕೆಳಗೆ ಇಡೀ ಮುಖ ಕೆಂಪಾಯಿತು. ಪೇಪರ್‌ವೇಟನ್ನು ಎತ್ತಿ ಅದರೊಳಗಿನ ಹೂವನ್ನು ಪರೀಕ್ಷಿಸುತ್ತ, ಬರೆದು ಕೊಡಿ, ಮೇಲೆ ಕಳಿಸುತ್ತೇನೆ ಎಂದರು.

ಬರೆಯುವುದು ಇಂಗ್ಲಿಷಿನಲ್ಲಿ. ಹಾಲು, ಎದೆ ಮುಂತಾದ ಶಬ್ದಗಳು ನಾಲ್ಕು ಮಂದಿ ಅಧಿಕಾರಿಗಳ ಮೇಜು ದಾಟಬೇಕಲ್ಲ ಎಂದು ನಾಚಿ, 'ಮೆಟರ್ನಲ್ ಉದ್ದೇಶಕ್ಕಾಗಿ' ಎಂದಷ್ಟೇ ಬರೆದೆ. ತಾಯ್ತನದ ಸಲುವಾಗಿ ಎಂಬ ಅರ್ಥದಲ್ಲಿ. ಟೈಪು ಮಾಡಿದವಳು ವಿಮಲಾ. ನನಗಿಂತ ಆರು ವರ್ಷ ಚಿಕ್ಕವಳು, ಮದುವೆಯಾಗಿ ವರ್ಷವಾಗಿತ್ತು, ಆ ವಾರವಷ್ಟೇ ಅವಳಿಗೆ ಬೆಳಗಿನ ವಾಂತಿ ಶುರುವಾಗಿತ್ತು. ಎರಡು ಸಲ ಬಾತ್‌ರೂಮಿಗೆ ಓಡಿ ಬರುವ ನಡುವೆ ಅವಳ ಬೆರಳು ಜಾರಿ 'ಮೆಟರ್ನಲ್' ಎಂಬುದು 'ಮೆಟೀರಿಯಲ್' ಆಯಿತು. ಅಂದರೆ ಸರಕು ಸಾಮಾನು. ನಾನೂ ನೋಡದೆ ಸಹಿ ಹಾಕಿದೆ.

ಅರ್ಜಿ ಒಂದು ತಿಂಗಳು ಮೇಲೆ ಕೆಳಗೆ ತಿರುಗಿ ಮಂಜೂರಾಯಿತು. ಕೋಣೆ ತೆರೆಯಲು ಹೋದರೆ ಬಾಗಿಲು ಅರ್ಧಕ್ಕೆ ನಿಂತಿತು. ಆದೇಶವನ್ನು ಅಕ್ಷರಶಃ ಪಾಲಿಸಿದ ಸ್ಟೋರ್ಸಿನವರು ಒಳಗೆ ಹದಿನೇಳು ಮುರಿದ ಕುರ್ಚಿ, ಮೂರು ಸತ್ತ ಟೈಪ್‌ರೈಟರು ಮತ್ತು ಸೂರಿನವರೆಗೆ ಕಾಗದದ ಕಟ್ಟು ಪೇರಿಸಿದ್ದರು. ಮಧ್ಯೆ ಒಂದು ಮಗುವನ್ನು ನಿಲ್ಲಿಸಲೂ ಜಾಗವಿರಲಿಲ್ಲ. ವಿಮಲಾ ನನ್ನ ಕೈ ಹಿಡಿದು ಅತ್ತಳು. ಅವಳನ್ನು ಸಮಾಧಾನ ಮಾಡುವುದರಲ್ಲಿ ನನ್ನ ಅಳುವ ಸರದಿ ತಪ್ಪಿತು.

ತಿದ್ದುಪಡಿಯ ಅರ್ಜಿಗೆ ಇನ್ನೂ ಐದು ವಾರ. ಅಷ್ಟೂ ದಿನ ನಾನು ಕಕ್ಕಸಿನ ಬೇಸಿನ್ನಿಗೇ ಹಿಂಡಿದೆ. ಕೊನೆಗೊಂದು ಶನಿವಾರ ಆಫೀಸು ಬಿಟ್ಟ ಮೇಲೆ ಭೀಮರಾಯರು ತಾವೇ ಇಬ್ಬರು ಪ್ಯೂನರೊಂದಿಗೆ ನಿಂತು ಕೋಣೆ ಖಾಲಿ ಮಾಡಿಸಿ, ಒಂದು ಸ್ಟೂಲು ಹಾಕಿಸಿ, ಬಾಗಿಲಿಗೆ ಒಳಗಿನಿಂದ ಹೊಸ ಚಿಲಕ ಬಡಿಸಿದರು. ಸೋಮವಾರ ಬೀಗದ ಕೈ ಕೊಡುವಾಗ ಗೋಡೆಯ ಕ್ಯಾಲೆಂಡರು ನೋಡುತ್ತ, "ನನ್ನ ಮಗಳೂ ಸೊಲ್ಲಾಪುರದಾಗ ನೌಕರಿ ಮಾಡ್ತಾಳ್ರಿ," ಎಂದರು. ಅಷ್ಟೇ.

ಗುರುಬಾಯಿ ನೆಲ ತೊಳೆದು ಊದುಬತ್ತಿ ಹಚ್ಚಿದ್ದಳು. ಚಿಲಕ ಹಾಕಿ ಸ್ಟೂಲಿನ ಮೇಲೆ ಕೂತೆ. ಯಾರೂ ಬಾಗಿಲು ಬಡಿಯಲಿಲ್ಲ. ಯಾವ ಗಡಿಬಿಡಿಯೂ ಇರಲಿಲ್ಲ. ಹಾಲೂ ಇರಲಿಲ್ಲ. ಅರ್ಧ ಗಂಟೆಗೆ ಲೋಟದ ತಳ ಒದ್ದೆಯಾಯಿತು. ಎರಡು ವಾರ ಬೆಳ್ಳುಳ್ಳಿ ತಿಂದೆ, ಸಬ್ಬಸಿಗೆ ತಿಂದೆ, ಮೆಂತ್ಯದ ಗಂಜಿ ಕುಡಿದೆ. ಲೋಕಲ್ಲಿನಲ್ಲಿ ಜನ ನನ್ನಿಂದ ಒಂದು ಅಡಿ ದೂರ ನಿಲ್ಲತೊಡಗಿದರೇ ಹೊರತು ಬೇರೇನೂ ಪ್ರಯೋಜನವಾಗಲಿಲ್ಲ. ಗುರುಬಾಯಿ ಒಂದು ದಿನ ಖಾಲಿ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡು, "ಬತ್ತಿದ್ವು ಬಿಡ್ರಿ ಅಕ್ಕಾರ," ಎಂದಳು.

ಅಂದು ಸಂಜೆ ಮೆಟ್ಟಿಲಲ್ಲಿ ಅಳು ಕೇಳಲಿಲ್ಲ. ಗಾಬರಿಯಿಂದ ಒಳಗೆ ಹೋದರೆ, ಪುಟ್ಟಿ ಅಜ್ಜಿಯ ತೊಡೆಯ ಮೇಲೆ ಮಲಗಿ ಒಳಲೆಯ ಹಾಲನ್ನು ಚಪ್ಪರಿಸುತ್ತಿದ್ದಳು. ಕೈ ಚಾಚಿ ಎತ್ತಿಕೊಂಡು ಎದೆಗಿಟ್ಟುಕೊಂಡೆ. ಒಮ್ಮೆ ಬಾಯಿಟ್ಟು, ನನ್ನ ಮುಖವನ್ನು ನೋಡಿ, ಅಜ್ಜಿಯ ಕಡೆಗೆ ತಿರುಗಿ ಬಾಯಿ ತೆರೆದಳು. ಅತ್ತೆ ಒಳಲೆಯನ್ನು ಕೆಳಗಿಟ್ಟು, ಅದು ಹಾಗೇ ಕಣಮ್ಮ, ಮಕ್ಕಳು ಮರೆತುಬಿಡುತ್ತವೆ ಎಂದು ನನ್ನ ಬೆನ್ನು ಸವರಿದರು. ತೂಕ ಏರುತ್ತಿದೆ ಎಂದು ನಮ್ಮವರು ಖುಷಿಯಾಗಿ ಹೇಳಿದರು. ಏರುತ್ತಿತ್ತು, ನಿಜ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನ ಬೀಗದ ಕೈ ಹಿಂದಿರುಗಿಸಲು ಹೋದೆ. ಭೀಮರಾಯರು ಅದನ್ನು ತೆಗೆದುಕೊಳ್ಳಲಿಲ್ಲ. ಕೋಣೆ ಬಳಕೆಯಲ್ಲಿಲ್ಲ ಎಂದು ಗೊತ್ತಾದ ಕೂಡಲೇ ಸ್ಟೋರ್ಸಿನವರು ಕುರ್ಚಿಗಳನ್ನು ಮರಳಿ ತುಂಬುತ್ತಾರೆ, ಅವರ ಪತ್ರ ಆಗಲೇ ಬಂದಿದೆ ಎಂದರು. ಅವರ ಹಿಂದೆ ಟೈಪ್‌ರೈಟರಿನ ಮುಂದೆ ವಿಮಲಾ ಕೂತಿದ್ದಳು. ಐದನೆಯ ತಿಂಗಳು, ಹೊಟ್ಟೆ ಆಗಲೇ ಮೇಜಿಗೆ ತಾಗುತ್ತಿತ್ತು. ನಾನು ಬೀಗದ ಕೈಯನ್ನು ಪರ್ಸಿಗೆ ಹಾಕಿಕೊಂಡೆ.

ಅಂದಿನಿಂದ ದಿನಾ ಹನ್ನೊಂದಕ್ಕೂ ಮೂರಕ್ಕೂ ಖಾಲಿ ಫ್ಲಾಸ್ಕು ಹಿಡಿದು, ತುಂಬಿದ ಮುಖಭಾವದಿಂದ ಹಾಲ್ ದಾಟಿ ಹೋಗಿ, ಚಿಲಕ ಹಾಕಿ ಕೂತುಕೊಳ್ಳತೊಡಗಿದೆ. ಗಂಡಸರು ಭಕ್ತಿಯಿಂದ ತಲೆ ತಗ್ಗಿಸುತ್ತಿದ್ದರು. ಮೊದಲೆರಡು ದಿನ ಅಳುತ್ತಿದ್ದೆ. ಆಮೇಲೆ ಗೋಡೆ ನೋಡುತ್ತಿದ್ದೆ. ಐದನೆಯ ದಿನ ನೆಲಕ್ಕೆ ಪೇಪರು ಹಾಸಿ, ಐದೇ ನಿಮಿಷ ಎಂದು ತಲೆ ಊರಿದೆ.

ಏಳು ತಿಂಗಳಿಂದ ಎರಡು ಗಂಟೆ ಒಟ್ಟಿಗೆ ಮಲಗಿರದವಳು ನಾನು. ಆಮೇಲೆ ಕೇಳಿ ತಿಳಿದದ್ದು ಇಷ್ಟು: ಒಂದು ಗಂಟೆಯಾದರೂ ನಾನು ಬರಲಿಲ್ಲ. ವಿಮಲಾ ಬಂದು ಕೂಗಿದಳು. ಗುರುಬಾಯಿ ಬಡಿದಳು. ಅಕ್ಕಾರು ಎಚ್ಚರ ತಪ್ಪಿ ಬಿದ್ದಿದ್ದಾರೆಂದು ಇಡೀ ಹಾಲ್ ಕಾರಿಡಾರಿಗೆ ಬಂತು. ಭೀಮರಾಯರೇ ಭುಜ ಕೊಟ್ಟು ಬಾಗಿಲು ಮುರಿದರು. ಹೊಸ ಚಿಲಕ ಮೊಳೆ ಸಮೇತ ಹಾರಿ ನನ್ನ ತಲೆಯ ಪಕ್ಕದಲ್ಲಿ ಬಿತ್ತು. ಆಗಲೂ ನಾನು ಏಳಲಿಲ್ಲವಂತೆ. ನಾನು ಗೊರಕೆ ಹೊಡೆಯುತ್ತಿದ್ದುದನ್ನು ಐವತ್ತು ಜನ ನಿಂತು ಕೇಳಿದರಂತೆ. ಅವರಲ್ಲಿ ಸ್ಟೋರ್ಸಿನ ಮುಖ್ಯಸ್ಥರೂ ಇದ್ದರು.

ಅವರ ದೂರಿನ ಮೇಲೆ ವಿಚಾರಣೆಯಾಯಿತು. ಅಲ್ಲಿ ಭೀಮರಾಯರು ಮೊದಲ ಬಾರಿಗೆ ಪೇಪರ್‌ವೇಟು ನೋಡದೆ, ನೇರವಾಗಿ ಮೇಲಿನವರ ಮುಖ ನೋಡಿ, ಕೋಣೆ ಹೆಂಗಸರದ್ದು, ಹೆಂಗಸರದ್ದೇ ಆಗಿ ಉಳಿಯಬೇಕು ಎಂದರಂತೆ. ಉಳಿಯಿತು. ಹೊಸ ಚಿಲಕವೂ ಬಂತು. ಮುಂದಿನ ಬೇಸಿಗೆಯಲ್ಲಿ ವಿಮಲಾ ರಜೆ ಮುಗಿಸಿ ಬಂದಳು. ಈಗ ದಿನಾ ಹನ್ನೊಂದಕ್ಕೆ ಅವಳು ಫ್ಲಾಸ್ಕು ಹಿಡಿದು ಕಾರಿಡಾರಿನಲ್ಲಿ ಹೋಗುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ. ಆಕಳಿಸಿದರೆ ಸಾಕು, ನಿದ್ದೆ ಆಯಿತಾ ಎಂದು ಕೇಳುವುದು ನನ್ನನ್ನು ಮಾತ್ರ.

ನನ್ನ ಸರ್ವಿಸ್ ಪುಸ್ತಕವನ್ನು ಮೊನ್ನೆ ನೋಡಿದೆ. ಅದರಲ್ಲಿ ಕೆಂಪು ಶಾಯಿಯಲ್ಲಿ, 'ಕಚೇರಿಯ ವೇಳೆಯಲ್ಲಿ ಮಲಗಿದ್ದರು' ಎಂದು ಬರೆದಿದೆ. ಯಾಕೆ ಮಲಗಿದ್ದರು ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ.