ಹಿಂದಿನ ಗಾಲಿಗೆ ನಿಂಬೆಹಣ್ಣು

ಹಳೇ ಟ್ರ್ಯಾಕ್ಟರಿನ ಹುಚ್ಚು ಹತ್ತಿದವನು ನಗೆಪಾಟಲಾಗಲು ಬೇರೇನೂ ಮಾಡಬೇಕಿಲ್ಲ, ಮನೆಯಿಂದ ಹೊರಬಿದ್ದರೆ ಸಾಕು. ಎಂಬತ್ತರ ದಶಕದ ಮೊದಲಲ್ಲಿ ನಾನು ಚನ್ನಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರು. ನನಗೆ ಒಂದು ಗುಂಟೆ ಹೊಲವಿಲ್ಲ. ಆದರೂ ಕೆಟ್ಟು ನಿಂತ ಟ್ರ್ಯಾಕ್ಟರ್ ಕಂಡರೆ ಬಸ್ಸಿನಿಂದ ಇಳಿದುಬಿಡುತ್ತಿದ್ದೆ. ಎರಡನ್ನು ರಿಪೇರಿ ಮಾಡಿ ಓಡಿಸಿಯೂ ಇದ್ದೆ.

ನಿಜವಾಗಿ ಹುಡುಕುತ್ತಿದ್ದುದು ಒಂದನ್ನೇ. ಅಪ್ಪ ನ್ಯಾಮತಿಯ ಸಾಹುಕಾರರೊಬ್ಬರ ಟ್ರ್ಯಾಕ್ಟರಿಗೆ ಡ್ರೈವರ್ ಆಗಿದ್ದರು. ಅಪ್ಪ ತೀರಿಕೊಂಡ ವರ್ಷವೇ ಸಾಹುಕಾರರು ಅದನ್ನು ಮಾರಿಬಿಟ್ಟರು. ನಮ್ಮಲ್ಲಿ ಅಪ್ಪನದೊಂದು ಫೋಟೋ ಕೂಡ ಇಲ್ಲ. ಆ ಗಾಡಿಯ ಸದ್ದನ್ನಾದರೂ ಅವ್ವನಿಗೆ ಇನ್ನೊಮ್ಮೆ ಕೇಳಿಸಬೇಕು, ನಾನೂ ಕೇಳಬೇಕು ಎಂಬುದು ನನ್ನ ಆಸೆಯಾಗಿತ್ತು.

ಕೋಳಿಯ ಒಪ್ಪಿಗೆ

ಗಾಡಿ ಕೈಯಿಂದ ಕೈಗೆ ಹೋಗಿ ಜಗಳೂರು ಕಡೆ ಸೇರಿದೆ ಎಂದು ಯಾರೋ ಹೇಳಿದರು. ಸೊಕ್ಕೆಯಲ್ಲಿ ಒಬ್ಬ ಅಜ್ಜಿಯ ಹಿತ್ತಲಲ್ಲಿ ಅಂಥದೊಂದು ನಿಂತಿತ್ತು. ನಂಬರ್ ಪ್ಲೇಟಿಲ್ಲ, ಸ್ಟೇರಿಂಗಿಲ್ಲ, ಬಣ್ಣವಂತೂ ಇಲ್ಲವೇ ಇಲ್ಲ. ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು.

"ಮರಿ ಆಗೋತನಕ ಮುಟ್ಟಬ್ಯಾಡ್ರಿ. ಮೂರು ವಾರ ಬಿಟ್ಟು ಬರ್ರಿ," ಅಂದಳು ಅಜ್ಜಿ.

"ಬುಟ್ಟೀಲಿ ಕೂರಿಸಿದ್ರೆ ಆಗಲ್ವಾ ಅಜ್ಜಿ?"

"ಮೇಷ್ಟ್ರು ಅಂತೀರಿ, ಪಾಠದ ನಡುವೆ ಎಬ್ಬಿಸಿದ್ರೆ ನೀವು ಏಳ್ತೀರೇನ್ರಿ?"

ಮೂರು ವಾರ ಬಿಟ್ಟು ಲಾರಿ ತಂದೆ. ಅಜ್ಜಿ ಗಾಡಿ ಕೊಟ್ಟಳು, ಸೀಟು ಕೊಡಲಿಲ್ಲ. "ಮುಂದಿನ ಸಲಾನೂ ಅದು ಅಲ್ಲೇ ಕೂರಾಕೆ ಬರ್ತೈತ್ರಿ." "ನಮ್ಮಪ್ಪ ಕೂತಿದ್ದ ಸೀಟು ಇರಬಹುದು ಅಜ್ಜಿ" ಅನ್ನಬೇಕೆಂದಿದ್ದೆ. ಕೋಳಿ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು, ಸೀಟು ಬಿಚ್ಚಿ ಕೆಳಗಿಟ್ಟೆ.

ಸ್ವಂತ ಸ್ಟೇರಿಂಗ್

ಹೊಂದುವ ಸ್ಟೇರಿಂಗ್ ನ್ಯಾಮತಿಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಅದನ್ನು ಎದೆಗವಚಿಕೊಂಡು ಹೊನ್ನಾಳಿ ಬಸ್ ಹತ್ತಿದರೆ ಖಾಲಿ ಇದ್ದದ್ದು ಡ್ರೈವರ್ ಹಿಂದಿನ ಸೀಟೊಂದೇ. ಡ್ರೈವರ್ ತಿರುಗಿ ನನ್ನನ್ನೂ ನೋಡಿದ, ಸ್ಟೇರಿಂಗನ್ನೂ ನೋಡಿದ.

"ಯಾಕ್ ಸಾರ್, ನನ್ನ ಮ್ಯಾಲೆ ನಂಬಿಕೆ ಇಲ್ವಾ?"

ಇಡೀ ಬಸ್ಸು ನಕ್ಕಿತು. ನಾನು ಕಿಟಕಿಯಾಚೆ ನೋಡುತ್ತ, ಅಪ್ಪ ಇದೇ ದಾರಿಯಲ್ಲಿ ಭತ್ತದ ಚೀಲ ಹೇರಿಕೊಂಡು ಹೋಗುತ್ತಿದ್ದುದನ್ನು ನೆನೆಯುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊಣಕೈಯಿಂದ ತಿವಿದಳು.

"ಈ ಕಡೆ ಬಿಸಿಲು ಬೀಳ್ತೈತೆ. ಸ್ವಲ್ಪ ಆ ಕಡೆ ತಿರುಗಿಸ್ರಿ."

ಅವ್ವನ ಪರೀಕ್ಷೆ

ಹೊನ್ನಾಳಿಯ ಮಿಸ್ತ್ರಿಯೊಬ್ಬರು ಭಾನುವಾರ ಭಾನುವಾರ ನಮ್ಮ ಮನೆಗೆ ಬಂದು ಇಂಜಿನ್ ಬಿಚ್ಚಿ ಜೋಡಿಸಿದರು, ಬೇರೊಂದು ಸೀಟೂ ಕೂರಿಸಿದರು. ಅವ್ವನಿಗೆ ಮಾತ್ರ ನಂಬಿಕೆಯೇ ಇಲ್ಲ. "ಅದೇ ಗಾಡಿ ಅಂತ ಹೆಂಗೆ ಹೇಳ್ತೀಯ? ಎಲ್ಲಾ ಟ್ರ್ಯಾಕ್ಟರೂ ಹಿಂಗೇ ಇರ್ತಾವೆ," ಅನ್ನುತ್ತಿದ್ದಳು.

ಆಯುಧಪೂಜೆಯ ದಿನ ಬೀದಿಯವರೆಲ್ಲ ಸೇರಿದರು. ಮನೆಗೆ ಬೆನ್ನು ಮಾಡಿ ನಿಂತಿದ್ದ ಗಾಡಿಯ ಮುಂದಿನ ಗಾಲಿಗಳಡಿ ನಿಂಬೆಹಣ್ಣಿಟ್ಟೆ. ಅವ್ವ ಬಂದು ಎರಡನ್ನೂ ಎತ್ತಿಕೊಂಡು ಹೋಗಿ ಹಿಂದಿನ ಗಾಲಿಗಳ ಹಿಂದೆ ಇಟ್ಟಳು. ಜನ ಕಿಸಕ್ಕೆಂದರು.

"ಅವ್ವಾ, ಗಾಡಿ ಹೋಗೋದು ಮುಂದಕ್ಕೆ."

"ಅದೇ ಗಾಡಿ ಆಗಿದ್ರೆ ಹಿಂದಕ್ಕೆ ಬರ್ತೈತೆ. ನೀನು ಹತ್ತು."

ಇಂಜಿನ್ ಗುಡುಗಿತು. ಆ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಒಂದು ಮಾರು ಹಿಂದಕ್ಕೆ ನೆಗೆಯಿತು. ನಿಂಬೆಹಣ್ಣು ಅಪ್ಪಚ್ಚಿಯಾದವು, ಪೂಜೆ ನೋಡಲು ಬಂದವರು ಚರಂಡಿ ಹಾರಿದರು.

ಮಿಸ್ತ್ರಿ ಬಗ್ಗಿ ನೋಡಿದರು. "ಗೇರ್ ಲಿವರ್ ಸವೆದೈತೆ ಮೇಷ್ಟ್ರೆ. ಒಂದಕ್ಕೆ ಹಾಕಿದ್ರೆ ಮೊದ್ಲು ರಿವರ್ಸಿಗೆ ಬೀಳ್ತೈತೆ. ಹಳೇ ರೋಗ."

ಅವ್ವ ಅಪ್ಪಚ್ಚಿಯಾದ ನಿಂಬೆಹಣ್ಣು ಎತ್ತಿಕೊಂಡಳು. ಆಮೇಲೆ ಅಂದಳು: "ದಿನಾ ಮನೆ ಮುಂದಿಂದ ಹೊರಡಾಗ ನಿಮ್ಮಪ್ಪ ಒಂದು ಮಾರು ಹಿಂದಕ್ಕೆ ಬಂದು ಹೋಗೋರು. ನನ್ನ ಇನ್ನೊಂದ್ಸಲ ನೋಡಾಕೆ ಬರ್ತಾರೆ ಅಂದ್ಕಂಡು ಬಾಗಿಲಲ್ಲೇ ನಿಂತಿರ್ತಿದ್ದೆ. ಲಿವರ್ ಸವೆದಿತ್ತಂತೆ."

ಮಿಸ್ತ್ರಿ ಸ್ಪ್ಯಾನರ್ ಎತ್ತಿಕೊಂಡರು. "ಒಂದು ದಿನದಾಗೆ ಸರಿ ಮಾಡ್ಕೊಡ್ತೀನ್ರವ್ವ," ಅಂದರು.

"ಅದೊಂದು ಬಿಟ್ಟು ಬೇರೆ ಏನಾದ್ರೂ ಸರಿ ಮಾಡಪ್ಪ," ಅಂದಳು ಅವ್ವ. ಒಳಗಿನಿಂದ ಇನ್ನೆರಡು ನಿಂಬೆಹಣ್ಣು ತಂದು ಹಿಂದಿನ ಗಾಲಿಗಿಟ್ಟು, ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ಹೋಗಿ ನಿಂತಳು.

"ಇನ್ನೊಂದ್ಸಲ ಹೊರಡು ನೋಡಾಣ."