‘ನಿಂತಿದೆ’ ಎಂದ ತಪ್ಪಿಗೆ: ಏಳನೇ ನಿಯಮದವರ ಸನ್ನಿಧಿಗೆ

ಗೆ,
ಶ್ರೀಮಾನ್ ಏಳನೇ ನಿಯಮದವರು,
ಸ್ತನ ಕ್ಯಾನ್ಸರ್ ಲಸಿಕೆಯ ಪ್ರಯೋಗಕ್ಕೆ ಸೇರಲು ಬಯಸುವವರ ಅರ್ಹತಾ ಪಟ್ಟಿ,
ಪ್ರಯೋಗ ಕಚೇರಿ, ಜಯನಗರ.

ಮಾನ್ಯರೇ,

ಮೊದಲಿಗೆ ಸಾಷ್ಟಾಂಗ ವಂದನೆ ಎಂದು ಬರೆಯಲು ಹೊರಟು ಕೈ ತಡೆಯಿತು. ಹೆಂಗಸರು ಸಾಷ್ಟಾಂಗ ಹಾಕಬಾರದು, ಎದೆಯೂ ಗರ್ಭವೂ ನೆಲಕ್ಕೆ ತಾಗಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಈಗ ನನ್ನ ಎದೆಯಲ್ಲಿ ಅರ್ಧ ಹೋಗಿದೆ, ಗರ್ಭದ ವಿಷಯ ತಮ್ಮ ವಿಚಾರಣೆಯಲ್ಲಿದೆ. ಆದ್ದರಿಂದ ನಾನು ಯಾವ ಬಗೆಯ ನಮಸ್ಕಾರಕ್ಕೆ ಅರ್ಹಳೆಂಬುದನ್ನು ತಾವೇ ತೀರ್ಮಾನಿಸಿ, ಅದನ್ನು ಸ್ವೀಕರಿಸಬೇಕಾಗಿ ಕೋರುತ್ತೇನೆ.

ನಾನು ವಿಮಲಾ, ವಯಸ್ಸು ಐವತ್ತೊಂದು, ಬನಶಂಕರಿ ಎರಡನೇ ಹಂತದ ನಿವಾಸಿ, ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಎರಡು ವರ್ಷದ ಹಿಂದೆ ಎಡ ಸ್ತನವನ್ನು ಆಪರೇಷನ್ನಿಗೂ ತಲೆಗೂದಲನ್ನು ಕೀಮೋಗೂ ಒಪ್ಪಿಸಿ, ಕೂದಲನ್ನು ಮಾತ್ರ ವಾಪಸ್ ಪಡೆದವಳು. ಹೋದ ಕಾಯಿಲೆ ಮತ್ತೆ ಬಾರದಂತೆ ತಡೆಯಬಹುದೇ ಎಂದು ಪರೀಕ್ಷಿಸಲು ಹೊಸ ಲಸಿಕೆಯೊಂದರ ಪ್ರಯೋಗ ನಡೆಯಲಿದೆಯೆಂದು ನಮ್ಮ ಡಾಕ್ಟರು ಹೇಳಿದ ದಿನವೇ ಹೆಸರು ಕೊಟ್ಟೆ. ಅಲ್ಲಿ, ಅರ್ಹತಾ ಪಟ್ಟಿಯ ಏಳನೇ ಸಾಲಿನಲ್ಲಿ, ತಮ್ಮ ಪರಿಚಯವಾಯಿತು.

ತಮ್ಮ ಅಪ್ಪಣೆ ಬಹಳ ಸರಳ. ಸೇರುವ ಹೆಂಗಸು ಮುಟ್ಟು ನಿಂತು ಪೂರಾ ಒಂದು ವರ್ಷ ಕಳೆದವಳಾಗಿರಬೇಕು. ಇಲ್ಲವಾದರೆ, ತಾನು ಗರ್ಭಿಣಿಯಲ್ಲ, ಹಾಲುಣಿಸುತ್ತಿಲ್ಲ ಎಂದು ಸಾಬೀತುಪಡಿಸಿ, ಪ್ರಯೋಗ ಮುಗಿಯುವವರೆಗೂ ಬಸಿರಾಗುವುದಿಲ್ಲವೆಂದು ಎರಡು ಬಗೆಯ ಮುನ್ನೆಚ್ಚರಿಕೆಗಳ ಸಮೇತ ಮಾತು ಕೊಡಬೇಕು. ಹೊಸ ಔಷಧಿಯಿಂದ ಹೊಟ್ಟೆಯಲ್ಲಿರುವ ಕೂಸಿಗೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಈ ಎಚ್ಚರಿಕೆ ನ್ಯಾಯವಾದದ್ದೇ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ತಕರಾರು ಶುರುವಾದದ್ದು ಫೋನಿನಲ್ಲಿ. ತಮ್ಮ ಕಚೇರಿಯ ಸಂಯೋಜಕರಾದ ಮಯೂರ್ ಅವರು ಒಳ್ಳೆಯ ಮನೆತನದ ಯುವಕರೆಂಬುದು ಮಾತಿನಲ್ಲೇ ಗೊತ್ತಾಗುತ್ತದೆ. ತಾಯಿಯ ವಯಸ್ಸಿನವಳ ಎದುರು ‘ಮುಟ್ಟು’ ಎನ್ನುವುದಕ್ಕಾಗಲಿ ‘ಬಸಿರು’ ಎನ್ನುವುದಕ್ಕಾಗಲಿ ಅವರ ನಾಲಿಗೆ ಏಳಲಿಲ್ಲ. “ಆಂಟಿ, ಅದೂ... ಈಗೇನಾದ್ರೂ ನಿಂತಿದ್ಯಾ?” ಎಂದು ಕೇಳಿದರು. ನಾನೂ ಅಂಥದೇ ಮನೆತನದವಳಾದ್ದರಿಂದ, “ಹೂಂ ಕಣಪ್ಪಾ, ನಿಂತಿದೆ, ಹತ್ತು ತಿಂಗಳಾಯ್ತು” ಎಂದು ಹೆಮ್ಮೆಯಿಂದಲೇ ಹೇಳಿದೆ. ಆ ಕಡೆ ಕೀಲಿಮಣೆ ಟಕಟಕ ಎಂದಿತು. ಆಮೇಲೆ “ಆಂಟಿ, ಹುಷಾರಾಗಿರಿ” ಎಂದು ಫೋನ್ ಇಟ್ಟರು.

ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟರೂ ವಾಕ್ಯಕ್ಕೆ ಕುಂದಿಲ್ಲವೆಂದು ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. ಏನು ನಿಂತಿದೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಲ್ಲಿ ಮುಟ್ಟು ನಿಂತರೂ ‘ನಿಂತಿದೆ’, ಗರ್ಭ ನಿಂತರೂ ‘ನಿಂತಿದೆ’. ಅವರು ವಿಚಾರಿಸಿದ್ದು ಗರ್ಭದ ಬಗ್ಗೆ, ನಾನು ಉತ್ತರಿಸಿದ್ದು ಮುಟ್ಟಿನ ಬಗ್ಗೆ. ಹೀಗೆ ತಮ್ಮ ಕಂಪ್ಯೂಟರಿನಲ್ಲಿ ನಾನು ಹತ್ತು ತಿಂಗಳ ಗರ್ಭಿಣಿಯಾದೆ.

ದಿನ ಮೀರಿದ ಬಸಿರೆಂದು ಗಾಬರಿಯಾದ ಮಯೂರ್ ಮರುವಾರ ಮತ್ತೆ ಫೋನ್ ಮಾಡಿದಾಗ ನಾನು ಶಾಲೆಯಲ್ಲಿದ್ದೆ. ಮೊಬೈಲ್ ಮನೆಯಲ್ಲಿ ಮರೆತಿದ್ದೆ. ಎತ್ತಿಕೊಂಡವರು ನಮ್ಮ ಯಜಮಾನರು, ಚಕ್ರಪಾಣಿ. “ಸಾರ್, ಡೆಲಿವರಿ ಆಯ್ತಾ?” ಎಂದು ಮಯೂರ್ ಕೇಳಿದರಂತೆ. ಆನ್‌ಲೈನಿನಲ್ಲಿ ಹೊಸ ಮಿಕ್ಸಿ ತರಿಸಲು ಹಾಕಿ ದಾರಿ ಕಾಯುತ್ತಿದ್ದ ಇವರು, “ಎಲ್ಲಿ ಆಯ್ತು ಸ್ವಾಮೀ, ದಿನಾ ನಾಳೆ ನಾಳೆ ಅಂತಾನೇ ಇದೆ. ಇನ್ನೂ ಲೇಟಾದ್ರೆ ನಮಗೆ ಬೇಡವೇ ಬೇಡ, ವಾಪಸ್ ತಗೊಂಡ್ಬಿಡಿ” ಎಂದು ರೇಗಿದರಂತೆ. ಮಿಕ್ಸಿ ಸಂಜೆ ಬಂತು. ಅದರ ಹಿಂದೆಯೇ ತಮ್ಮ ಪತ್ರವೂ ಬಂತು: ‘ತಾವು ಗರ್ಭಿಣಿಯಾಗಿರುವುದರಿಂದ ಸದ್ಯಕ್ಕೆ ಅನರ್ಹರು. ಹೆರಿಗೆಯಾಗಿ, ಹಾಲುಣಿಸುವ ಅವಧಿ ಮುಗಿದ ಮೇಲೆ ಸಂಪರ್ಕಿಸಿ. ತಾಯಿ ಮಗುವಿಗೆ ಶುಭವಾಗಲಿ.’

ನಕ್ಕೆವು, ಮಾನ್ಯರೇ. ಮದುವೆಯಾದ ಮೇಲೆ ನಾವಿಬ್ಬರೂ ಹಾಗೆ ನಕ್ಕ ನೆನಪಿಲ್ಲ. ಮಾರನೆಯ ದಿನ ಕಚೇರಿಗೆ ಹೋಗಿ ವಿಷಯ ಬಿಡಿಸಿ ಹೇಳಿದಾಗ ಮಯೂರ್ ಮುಖ ಕೆಂಪಾಗಿ, “ಸಾರಿ ಆಂಟಿ... ಸಾರಿ ಮೇಡಂ” ಎಂದು ಎದ್ದೇ ನಿಂತುಬಿಟ್ಟರು. ಇನ್ನೆರಡು ತಿಂಗಳು ತಡೆದರೆ ಮುಟ್ಟು ನಿಂತವರ ಬಾಗಿಲಿನಿಂದಲೇ ಒಳಗೆ ಬರಬಹುದು, ದೀಪಾವಳಿವರೆಗೂ ಸೇರಿಸಿಕೊಳ್ಳುತ್ತಾರೆ ಎಂದು ಧೈರ್ಯ ಹೇಳಿದರು.

ಆದರೆ ಗೌರಿ ಹಬ್ಬದ ಬೆಳಿಗ್ಗೆ, ಬಾಗಿನದ ಮೊರಕ್ಕೆ ಅರಿಸಿನ ಹಚ್ಚುತ್ತಿದ್ದಾಗ, ಮುಟ್ಟಿನ ಸವಾರಿ ಮತ್ತೆ ಚಿತ್ತೈಸಿತು. ತವರಿಗೆ ಬರುವುದು ಗೌರಿಯೊಬ್ಬಳೇ ಅಂದುಕೊಂಡಿದ್ದೆ. ತಮ್ಮ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು.

ಸರಿ, ಮುನ್ನೆಚ್ಚರಿಕೆಗಳ ಎರಡನೆಯ ಬಾಗಿಲು ತಟ್ಟೋಣವೆಂದು ನಿರ್ಧರಿಸಿದೆವು. ಜಯನಗರ, ಬನಶಂಕರಿಯ ಮೆಡಿಕಲ್ ಸ್ಟೋರಿನವರೆಲ್ಲ ಇವರನ್ನು ಬಿಪಿ ಮಾತ್ರೆಯ ಅಂಕಲ್ ಎಂದೇ ಬಲ್ಲರು. ಹಾಗಾಗಿ ಅರವತ್ತರ ಚಕ್ರಪಾಣಿಯವರು ಸ್ಕೂಟರಿನಲ್ಲಿ ಕೋಣನಕುಂಟೆಯವರೆಗೂ ಹೋಗಿ, ಅಲ್ಲಿ ಹೆಲ್ಮೆಟ್ ತೆಗೆಯದೆಯೇ ನಿರೋಧ್ ಕೊಂಡು, ಅನುಮಾನ ಬಾರದಿರಲೆಂದು ಜೊತೆಗೊಂದು ಗ್ರೈಪ್ ವಾಟರ್ ಬಾಟಲಿಯನ್ನೂ ತಂದರು. ಎರಡನೆಯ ಮುನ್ನೆಚ್ಚರಿಕೆ ಏನೆಂದು ಬರೆಯಲಿ ಎಂದು ಕೇಳಿದ್ದಕ್ಕೆ, “ನನ್ನ ಗೊರಕೆ ಅಂತ ಬರಿ, ಇಷ್ಟು ವರ್ಷದಿಂದ ಫೇಲಾಗಿಲ್ಲ” ಎಂದರು. ಕೊನೆಗೆ ಡಾಕ್ಟರಮ್ಮನ ಬಳಿ ಹೋಗಿ, ಈ ವಯಸ್ಸಿನಲ್ಲಿ ಕಾಪರ್-ಟಿ ಹಾಕಿಸಿಕೊಂಡು ಬಂದೆ. ಬಸಿರಿನ ಪರೀಕ್ಷೆಯನ್ನೂ ಮಾಡಿಸಿದೆ. ಇಲ್ಲವೆಂದು ಬಂತು.

ಎಲ್ಲವನ್ನೂ ತೆಗೆದುಕೊಂಡು ಹೋದರೆ, ಮಯೂರ್ ಕಂಪ್ಯೂಟರಿನ ಮುಂದೆ ಬೆವರುತ್ತ ಕೂತಿದ್ದರು. ಹಿಂದೆ ಹತ್ತು ತಿಂಗಳ ಬಸಿರು, ಈಗ ಇಲ್ಲ ಎಂದರೆ ನಡುವೆ ಹೆರಿಗೆಯಾಗಿರಲೇಬೇಕೆಂದು ಯಂತ್ರ ಪಟ್ಟು ಹಿಡಿದಿತ್ತು. ಒಮ್ಮೆ ದಾಖಲಾದ ಗರ್ಭವನ್ನು ಅಳಿಸುವ ಅಧಿಕಾರ ಮಯೂರ್‌ಗಿಲ್ಲ, ಮೇಲಿನವರಿಗೆ ಬರೆದಿದ್ದಾರಂತೆ, ಮೇಲಿನವರು ರಜೆಯ ಮೇಲಿದ್ದಾರಂತೆ. ಮಗುವಿನ ವಿವರ ತುಂಬದ ಹೊರತು ನನ್ನ ಹೆಸರು ಮುಂದಕ್ಕೆ ಹೋಗುವುದಿಲ್ಲವಂತೆ. ಪರದೆಯ ಮೇಲೆ ಕೆಂಪಕ್ಷರದಲ್ಲಿ ಒಂದೇ ಪ್ರಶ್ನೆ ಮಿನುಗುತ್ತಿತ್ತು: ಮಗು ಏನಾಯಿತು?

ಮಾನ್ಯರೇ, ಈ ಪ್ರಶ್ನೆಯನ್ನು ನನಗೆ ಕೇಳಿದವರಲ್ಲಿ ತಾವು ಮೊದಲಿಗರಲ್ಲ. ಅತ್ತೆಯವರು ಕೇಳಿದ್ದಾರೆ, ನಾದಿನಿಯರು ಕೇಳಿದ್ದಾರೆ, ಹೂವು ಮಾರುವವಳೂ ಕೇಳಿದ್ದಾಳೆ. ಮೂವತ್ತರ ಆಸುಪಾಸಿನಲ್ಲಿ ನಾನು ಕಾಣದ ಡಾಕ್ಟರಿಲ್ಲ, ಕಟ್ಟದ ಹರಕೆಯಿಲ್ಲ. ‘ನಿಂತಿದೆ’ ಎಂಬ ಒಂದು ಮಾತನ್ನು ಯಾರಾದರೂ ನನಗೆ ಹೇಳಲಿ ಎಂದು ಹತ್ತು ವರ್ಷ ಕಾದೆ. ಯಾರೂ ಹೇಳಲಿಲ್ಲ. ಸೀಮಂತಗಳಲ್ಲಿ ಆರತಿಗೆ ಕರೆಯುವಾಗ ಹೆಂಗಸರು ನನ್ನನ್ನು ದಾಟಿ ಪಕ್ಕದವಳ ಕಡೆ ನೋಡುತ್ತಿದ್ದರು. ಆಗ ಯಾರಿಗೂ ಇರದಿದ್ದ ನಂಬಿಕೆ ತಮಗೆ ಈಗ ನನ್ನ ಹೊಟ್ಟೆಯ ಮೇಲಿದೆ. ಈ ಔದಾರ್ಯಕ್ಕೆ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಬಿನ್ನಹಗಳಿವೆ. ತಮ್ಮ ದಾಖಲೆಯ ಪ್ರಕಾರ ನಾನು ಬಸುರಿಯಾಗಿದ್ದ ಕಾರಣ, ಬಾಕಿಯಿರುವ ನನ್ನ ಸೀಮಂತವನ್ನು ಕಚೇರಿಯ ಆವರಣದಲ್ಲೇ ನೆರವೇರಿಸಿ, ಹಸಿರು ಸೀರೆ, ಹಸಿರು ಬಳೆ ಕೊಡಿಸಿ, ಪ್ರಯೋಗದ ಸಮಿತಿಯ ಸದಸ್ಯರೆಲ್ಲ ಸರದಿಯಂತೆ ಬಂದು ನನಗೆ ಆರತಿ ಎತ್ತಬೇಕು. ನಾನು ತಾಯಿಯಾಗಬಲ್ಲೆನೆಂದು ಇಪ್ಪತ್ತು ವರ್ಷ ಹಿಂದಿನ ತಾರೀಕು ಹಾಕಿ ಒಂದು ಪ್ರಮಾಣಪತ್ರ ಕೊಡಬೇಕು, ನಾದಿನಿಯರ ವಾಟ್ಸಾಪ್ ಗುಂಪಿಗೆ ಹಾಕುವುದಿದೆ. ಮುಖ್ಯವಾಗಿ, ಮಯೂರ್ ಅವರಿಗೆ ‘ಮುಟ್ಟು’ ಎಂಬ ಪದವನ್ನು ಬಾಯಿಬಿಟ್ಟು ಹೇಳುವ ತರಬೇತಿ ಕೊಡಿಸಬೇಕು. ಬೇಕಾದರೆ ನಾನೇ ಬಂದು ಪಾಠ ಮಾಡುತ್ತೇನೆ.

ತಮಾಷೆ ಅಲ್ಲಿಗೆ ಬಿಡುತ್ತೇನೆ. ಕೀಮೋ ಕೊಡುವ ವಾರ್ಡಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಮಾರಸ್ವಾಮಿ ಲೇಔಟಿನ ಇಂದ್ರಾಣಿ ಕೂರುತ್ತಿದ್ದಳು. “ಅಕ್ಕ, ನಮ್ದೆಲ್ಲ ಮುಗೀತು ಬಿಡಿ, ಇನ್ಮೇಲೆ ಬರಲ್ಲ” ಎನ್ನುತ್ತಿದ್ದಳು. ಅವಳದು ಮತ್ತೆ ಬಂತು. ಯುಗಾದಿಗೆ ಅವಳಿರಲಿಲ್ಲ. ನನಗೆ ಭಯವಾಗುತ್ತದೆ, ಮಾನ್ಯರೇ. ಸ್ನಾನ ಮಾಡುವಾಗ ಉಳಿದಿರುವ ಕಡೆ ಕೈಯಾಡಿಸಲು ಭಯವಾಗುತ್ತದೆ. ಲಸಿಕೆ ಫಲಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ. ಆದರೂ ಆ ಸಾಲಿನಲ್ಲಿ ನಿಲ್ಲಬೇಕೆಂಬ ಆಸೆಯಿದೆ. ದೀಪಾವಳಿ ಹತ್ತಿರ ಬಂತು.

ಇಂತಿ, ಬಸುರಿಯೂ ಅಲ್ಲದ, ಮುಟ್ಟು ನಿಂತವಳೂ ಅಲ್ಲದ, ಆದರೂ ಬದುಕಲು ಪೂರ್ಣ ಅರ್ಹಳೆಂದು ನಂಬಿರುವ
ತಮ್ಮ ವಿಶ್ವಾಸಿ,
ವಿಮಲಾ ಚಕ್ರಪಾಣಿ

ಮರೆತ ಮಾತು: ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುವುದಿಲ್ಲವಾದ್ದರಿಂದ ಮಗುವಿನ ವಿವರವನ್ನು ಇಲ್ಲಿ ತುಂಬಿದ್ದೇನೆ. ಹೆಣ್ಣು. ಹೆಸರು ಸಮನ್ವಿತಾ. ಹೆಸರಿಗಾಗಿ ನಾನು ಯೋಚಿಸಬೇಕಾಗಲಿಲ್ಲ, ಇಪ್ಪತ್ತು ವರ್ಷದಿಂದ ಸಿದ್ಧವಾಗಿಯೇ ಇತ್ತು. ಹುಟ್ಟಿದ ಸ್ಥಳ, ತಮ್ಮ ಕಚೇರಿ. ಹಾಲುಣಿಸುವ ನಿಯಮದ ಬಗ್ಗೆಯೂ ತಮಗೆ ಚಿಂತೆ ಬೇಡ. ಅಮ್ಮನ ಹತ್ತಿರ ಉಳಿದಿರುವುದು ಒಂದೇ, ಅದನ್ನೂ ಉಳಿಸಿಕೊಳ್ಳಬೇಕಾಗಿದೆ ಎಂದು ಅವಳಿಗೆ ಹೇಳಿದೆ. ಜಾಣೆ, ಹಠ ಮಾಡದೆ ಹಾಲು ಬಿಟ್ಟಿದ್ದಾಳೆ.